ನಾಲ್ಕು ವರ್ಷ ಬಳಸಿದ ಮೇಲೆ: 62ರ ಓಟಗಾರ್ತಿಯ ಜೀನ್ ರಿಪೋರ್ಟ್

ಮೈಸೂರಿನ ಚಾಮುಂಡಿ ವಿಹಾರ ಸ್ಟೇಡಿಯಂನಲ್ಲಿ ವಾರಕ್ಕೆ ಮೂರು ದಿನ 200 ಮೀಟರ್ ಅಭ್ಯಾಸ ಮಾಡುತ್ತೇನೆ. ಉಳಿದ ದಿನ ಕುಕ್ಕರಹಳ್ಳಿ ಕೆರೆ ಸುತ್ತ ನಡಿಗೆ. ಈಗ ವಯಸ್ಸು 62. ಉಗುಳಿನ ಮಾದರಿ ಕಳಿಸಿ ಜೀನ್ ಪರೀಕ್ಷೆ ಮಾಡಿಸುವ ಈ ಕಿಟ್ ತರಿಸಿದ್ದು 2021ರಲ್ಲಿ. ಇನ್ನೂ ಹತ್ತು ವರ್ಷ ಪೆಟ್ಟಾಗದೆ ಓಡಬೇಕು ಅನ್ನುವುದೊಂದೇ ಆಸೆ.

ಮಾದರಿ ಕೊಡುವ ಅರ್ಧ ಗಂಟೆ ಮುಂಚೆ ಏನೂ ತಿನ್ನಬಾರದು, ನೀರೂ ಕುಡಿಯಬಾರದು. ಟ್ಯೂಬಿನ ಗೆರೆವರೆಗೆ ಉಗುಳು ತುಂಬಬೇಕು, ನೊರೆ ಲೆಕ್ಕಕ್ಕಿಲ್ಲ. ನನ್ನ ಬಾಯಿ ಪೂರ್ತಿ ಒಣಗಿತ್ತು. ಮಗಳು ಮಿಡಿ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಳು. ಎರಡೇ ನಿಮಿಷ, ಗೆರೆ ಮುಟ್ಟಿತು. ನಿಮಗೂ ಇದು ಉಪಯೋಗಕ್ಕೆ ಬರಬಹುದು.

ರಿಪೋರ್ಟಿನಲ್ಲಿ ಮೊದಲು ಬರುವುದೇ ಕ್ರೀಡೆಯ ಪುಟಗಳು. ಎಸಿಟಿಎನ್3 ಅನ್ನುವ ಜೀನ್ ಇದೆ. ವೇಗದ ಸ್ನಾಯುಗಳಿಗೆ ಬೇಕಾದ ಒಂದು ಪ್ರೋಟೀನನ್ನು ಅದು ಮಾಡುತ್ತದೆ. ಜಗತ್ತಿನಲ್ಲಿ ಸುಮಾರು ಐದು ಜನರಲ್ಲಿ ಒಬ್ಬರಿಗೆ ಆ ಪ್ರೋಟೀನೇ ಇರುವುದಿಲ್ಲ. ನನಗೂ ಇಲ್ಲವಂತೆ. 'ನಿಮಗೆ ದೂರದ ಓಟ ಸೂಕ್ತ' ಎಂದು ಬರೆದಿತ್ತು. ಕಾಲೇಜಿನಿಂದ 200 ಮೀಟರ್ ಓಡಿದವಳಿಗೆ ಎಷ್ಟು ಬೇಜಾರಾಗಿರಬೇಡ! ಒಂದು ತಿಂಗಳು ಸ್ಪ್ರಿಂಟ್ ಬಿಟ್ಟೇಬಿಟ್ಟೆ. ಆ ತಿಂಗಳು ಸುಮ್ನೆ ಹೋಯಿತು. ಇಂಥ ಪರೀಕ್ಷೆ ನೋಡಿ ತರಬೇತಿ ನಿರ್ಧರಿಸಬಾರದು ಎಂದು ಕ್ರೀಡಾ ತಜ್ಞರು 2015ರಲ್ಲೇ ಒಮ್ಮತದಿಂದ ಹೇಳಿದ್ದರು. ನನಗೆ ಅದು ಗೊತ್ತಾಗಿದ್ದು ಆಮೇಲೆ. ತೂಕ ಎತ್ತುವ ಅಭ್ಯಾಸ ಶುರು ಮಾಡಿದ ಮೇಲೆ ನನ್ನ ಸಮಯ 38.4 ಸೆಕೆಂಡಿನಿಂದ 37.1ಕ್ಕೆ ಇಳಿದಿದೆ, ಅದೂ ನಾಲ್ಕು ವರ್ಷ ವಯಸ್ಸು ಜಾಸ್ತಿಯಾದ ಮೇಲೆ.

ಇನ್ನೊಂದು ಪುಟದಲ್ಲಿ 'ಗಾಯದ ಅಪಾಯ ಹೆಚ್ಚು' ಎಂದಿತ್ತು. 2023ರಲ್ಲಿ ಆ್ಯಪ್ ಅಪ್‌ಡೇಟ್ ಆದಾಗ ಅದೇ ಪುಟ 'ಸಾಧಾರಣ' ಎಂದು ಬದಲಾಯಿತು. ನನ್ನ ಡಿಎನ್‌ಎ ಬದಲಾಗಿಲ್ಲ, ಅಲ್ವಾ? ಕಂಪನಿಯನ್ನು ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ಬದಲಿಗೆ ಕೊಲಾಜೆನ್ ಪುಡಿ ತಗೊಳ್ಳಿ ಎಂದು ಮೂರು ಸಲ ಫೋನ್ ಬಂತು.

ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿದ್ದು ಕೊನೆಯಲ್ಲಿದ್ದ ಔಷಧಿಯ ಪುಟದಿಂದ. ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್ 40 ಅನ್ನುವ ಸ್ಟಾಟಿನ್ ಮಾತ್ರೆ ತಗೊಳ್ಳುತ್ತಿದ್ದೆ. ತೊಡೆ ಎರಡೂ ನೋಯುತ್ತಿದ್ದವು. ಮೆಟ್ಟಿಲು ಇಳಿಯುವಾಗ ಕೈಹಿಡಿ ಬೇಕಾಗುತ್ತಿತ್ತು. ವಯಸ್ಸಾಯಿತು ಎಂದುಕೊಂಡಿದ್ದೆ. ಎಸ್‌ಎಲ್‌ಸಿಒ1ಬಿ1 ಅನ್ನುವ ಜೀನಿನಲ್ಲಿ ವ್ಯತ್ಯಾಸ ಇರುವವರಲ್ಲಿ ಸ್ಟಾಟಿನ್ ಮಾತ್ರೆ ಯಕೃತ್ತಿಗೆ ನಿಧಾನವಾಗಿ ಸೇರುತ್ತದೆ, ರಕ್ತದಲ್ಲಿ ಜಾಸ್ತಿ ಉಳಿಯುತ್ತದೆ, ಸ್ನಾಯು ನೋಯಬಹುದು. ಅಪ್ಪ ಅಮ್ಮನಿಂದ ಒಂದೊಂದರಂತೆ ಬರುವ ಎರಡು ಪ್ರತಿಗಳಲ್ಲಿ ನನ್ನ ಒಂದು ಪ್ರತಿಯಲ್ಲಿ ಆ ವ್ಯತ್ಯಾಸ ಇದೆ. ಮಾತ್ರೆ ನಾನೇ ನಿಲ್ಲಿಸಲಿಲ್ಲ, ನೀವೂ ನಿಲ್ಲಿಸಬೇಡಿ. ಪ್ರಿಂಟ್ ತೆಗೆದುಕೊಂಡು ಡಾಕ್ಟರ್ ಹತ್ತಿರ ಹೋದೆ. 'ಈ ಜೀನಿನ ಪ್ರಭಾವ ಸಿಮ್ವಾಸ್ಟಾಟಿನ್ ಮೇಲೆ ಜಾಸ್ತಿ, ಇದರ ಮೇಲೆ ಕಡಿಮೆ. ಆದರೂ ನೋಡೋಣಮ್ಮ' ಎಂದರು. ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತಿಳಿಯುವ ಸಿಕೆ ರಕ್ತಪರೀಕ್ಷೆ ಮಾಡಿಸಿ, ಕಡಿಮೆ ಡೋಸಿನ ರೊಸುವಾಸ್ಟಾಟಿನ್ ಬರೆದುಕೊಟ್ಟರು. ಆರು ವಾರದಲ್ಲಿ ಕೈಹಿಡಿ ಬಿಟ್ಟು ಮೆಟ್ಟಿಲು ಇಳಿದೆ.

ನನಗೆ ನಿಜವಾಗಿ ಸಿಟ್ಟು ಬಂದಿದ್ದು ರಿಪೋರ್ಟಿನಲ್ಲಿ ಇಲ್ಲದ ಒಂದು ವಿಷಯಕ್ಕೆ. ಅಪ್ಪನಿಗೆ ವಯಸ್ಸಾದ ಮೇಲೆ ಹೃದಯ ದುರ್ಬಲವಾಗಿತ್ತು. ಎಂವೈಬಿಪಿಸಿ3 ಅನ್ನುವ ಜೀನಿನಲ್ಲಿ ಡಿಎನ್‌ಎಯ 25 ಅಕ್ಷರ ಬಿಟ್ಟುಹೋಗಿರುವ ಒಂದು ದೋಷ ಇದೆ. ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಸುಮಾರು ನಾಲ್ಕು ಜನರಲ್ಲಿ ಅದು ಇರುತ್ತದೆ, ನಡುವಯಸ್ಸು ದಾಟಿದ ಮೇಲೆ ಹೃದಯದ ಸ್ನಾಯುವಿನ ಕಾಯಿಲೆಗೆ ದಾರಿ ಮಾಡಬಹುದು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ತಂಡ 2009ರಲ್ಲೇ ಇದನ್ನು ಪ್ರಕಟಿಸಿದೆ. ನಮ್ಮವರಿಗೆ ಇಷ್ಟು ಸಂಬಂಧಪಟ್ಟದ್ದು ನನ್ನ ರಿಪೋರ್ಟಿನಲ್ಲಿ ಎಲ್ಲೂ ಇರಲಿಲ್ಲ, ಕಾಫಿ ಎಷ್ಟು ಬೇಗ ಅರಗುತ್ತದೆ ಅನ್ನುವುದಕ್ಕೆ ಮಾತ್ರ ಎರಡು ಪುಟ ಇತ್ತು. ಇಂಥ ಪರೀಕ್ಷೆಗಳ ಹಿಂದಿನ ಅಧ್ಯಯನಗಳು ಹೆಚ್ಚಿನವು ಯುರೋಪ್ ಮೂಲದವರ ಮೇಲೆ ನಡೆದವು. ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜಿನೋಮ್ ಇಂಡಿಯಾ ಯೋಜನೆಯಲ್ಲಿ ಈಗ 10,000 ಭಾರತೀಯರ ಜಿನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದಿಯಾಗಿದೆ. ಅದರ ಫಲ ನಮ್ಮಂಥವರ ರಿಪೋರ್ಟಿಗೆ ಬೇಗ ಬರಲಿ.

ಮರೆವಿನ ಕಾಯಿಲೆಯ ಅಪಾಯ ಹೇಳುವ ಎಪಿಒಇ ಜೀನಿನ ಪುಟವನ್ನು ಬೇಕಾದರೆ ಮಾತ್ರ ತೆರೆಯಬಹುದು. ನಾನು ತೆರೆದಿಲ್ಲ. ನನ್ನ ಜೀನ್ ಮಕ್ಕಳಿಗೂ ಹೋಗಿರಬಹುದು, ಅವರನ್ನೂ ಕೇಳದೆ ಅವರ ವಿಷಯ ನಾನು ನೋಡಿದಂತೆ ಆಗುತ್ತದೆ.

ಕೊಳ್ಳುವ ಮುಂಚೆ ಡೇಟಾ ಅಳಿಸುವ ದಾರಿ ಎಲ್ಲಿದೆ ನೋಡಿಕೊಳ್ಳಿ. ಅಮೆರಿಕದ ಜೀನ್ ಪರೀಕ್ಷೆಯ ಕಂಪನಿ 23ಆ್ಯಂಡ್‌ಮಿ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿದಾಗ ನನಗೆ ದಿಗಿಲಾಯಿತು. ನಾನು ಕೊಂಡ ಕಂಪನಿಯೇ ಬೇರೆ, ಆದರೂ ಅಳಿಸಿ ಎಂದು ಬರೆದೆ. ಒಪ್ಪಿದ್ದೇವೆ ಎಂಬ ಮೇಲ್ ಬರಲು ಐದು ತಿಂಗಳು ಹಿಡಿಯಿತು. ಔಷಧಿಯ ಪುಟದ ಪ್ರಿಂಟ್ ಮಾತ್ರ ನನ್ನ ಆಸ್ಪತ್ರೆ ಫೈಲಿನಲ್ಲಿದೆ.

ಅಪ್ಪನ ವಿಷಯ ತಲೆಯಲ್ಲಿತ್ತು, ಹಾಗಾಗಿ ತಮ್ಮನನ್ನೂ ಕರೆದುಕೊಂಡು ಹೋಗಿ ಇಬ್ಬರೂ ಹೃದಯದ ಎಕೋ ಸ್ಕ್ಯಾನ್ ಮಾಡಿಸಿದೆವು. ನನ್ನದು ಸರಿ ಇದೆ. ಅವನ ಹೃದಯದ ಗೋಡೆ ಸ್ವಲ್ಪ ದಪ್ಪ ಇದೆಯಂತೆ, ಆರು ತಿಂಗಳಿಗೊಮ್ಮೆ ತೋರಿಸಬೇಕು. 'ನಿಧಾನ ನಡಿ ಅಕ್ಕ' ಅನ್ನುತ್ತಾ ಈಗ ಅವನೂ ಕೆರೆ ಹತ್ತಿರ ಬರುತ್ತಾನೆ.