ಆಯುಧಪೂಜೆಯ ಊಟಕ್ಕೆ ಪುಳಿಯೋಗರೆಯೇ ಸರಿ: ಬಿಸಿಬೇಳೆಬಾತ್, ವಾಂಗಿಬಾತ್ ಒಯ್ದು ನೋಡಿದ ಮೇಲೆ

ಈ ವರ್ಷದ ಆಯುಧಪೂಜೆಗೂ ನಾನು ಪುಳಿಯೋಗರೆಯನ್ನೇ ಒಯ್ಯುತ್ತೇನೆ. ಮೊದಲ ವರ್ಷ ಬಿಸಿಬೇಳೆಬಾತ್ ಒಯ್ದು ಅರ್ಧ ಪಾತ್ರೆ ಚೆಲ್ಲಬೇಕಾಯಿತು. ಎರಡನೇ ವರ್ಷ ವಾಂಗಿಬಾತ್ ಒಯ್ದೆ, ಮೂರರಲ್ಲಿ ಒಂದು ಪಾಲು ಹಾಗೇ ಮನೆಗೆ ಬಂತು. ಮೂರನೇ ವರ್ಷ ಪುಳಿಯೋಗರೆ ಒಯ್ದಾಗ ಮಾತ್ರ ಖಾಲಿ ಪಾತ್ರೆ ಹಿಡಿದು ನೆಮ್ಮದಿಯಾಗಿ ಮನೆಗೆ ಬಂದೆ. ಆಫೀಸಿನಲ್ಲಿ ‘ಎಲ್ಲರೂ ಒಂದೊಂದು ಮಾಡ್ಕೊಂಡು ಬರೋಣ’ ಎಂದು ಮಾತಾಗಿ, ಅನ್ನದ ಪಾಲು ನಿಮ್ಮ ತಲೆಗೆ ಬಂದಿದ್ದರೆ ನನ್ನ ಅನುಭವ ನಿಮಗೆ ಉಪಯೋಗಕ್ಕೆ ಬರಬಹುದು.

ನಾನಿರುವುದು ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದ ಒಂದು ಮಷಿನ್ ಶಾಪಿನ ಅಕೌಂಟ್ಸ್‌ನಲ್ಲಿ. ಶೆಡ್ಡು, ಆಫೀಸು ಎರಡೂ ಸೇರಿ 32 ಜನ. ಪೀಣ್ಯದಲ್ಲಿ ಆಯುಧಪೂಜೆ ಎಂದರೆ ಹೇಗಿರುತ್ತದೆ ಎಂದು ಅಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಲೇಥು, ಮಿಲ್ಲಿಂಗು, ಸಿಎನ್‌ಸಿ ಎಲ್ಲವನ್ನೂ ಒರೆಸಿ, ಬಾಳೆಕಂದು ಕಟ್ಟಿ, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕುತ್ತಾರೆ. ಗೇಟಿನ ಮುಂದೆ ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿದ ಮೇಲೆ ಊಟ. ಕೋಸಂಬರಿ, ಪಲ್ಯ, ಸಿಹಿ, ಹಪ್ಪಳ ಇವುಗಳಿಗೆ ಜನ ಮುಂದೆ ಬಂದು ಹೆಸರು ಕೊಡುತ್ತಾರೆ. ಹೊಟ್ಟೆ ತುಂಬುವ ಮುಖ್ಯ ಪದಾರ್ಥಕ್ಕೆ ಮಾತ್ರ ಯಾರೂ ಬರುವುದಿಲ್ಲ. ಅದಕ್ಕೆ ನಾನೇ ಒಪ್ಪಿಕೊಂಡೆ, ಈಗ ಅದು ನನ್ನ ಪಾಲೇ ಆಗಿದೆ.

ಮೊದಲ ವರ್ಷ ಬಿಸಿಬೇಳೆಬಾತ್ ಬಿಟ್ಟು ಬೇರೇನೂ ನನ್ನ ಯೋಚನೆಗೇ ಬರಲಿಲ್ಲ. ಮನೆಗೆ ನೆಂಟರು ಬಂದರೆ ನಾನು ಮಾಡುವುದು ಅದನ್ನೇ. ಪುಡಿ ಮನೆಯದು: ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಕಡಲೆಬೇಳೆ, ಉದ್ದಿನಬೇಳೆ, ಚಕ್ಕೆ, ಲವಂಗ, ಮರಾಠಿಮೊಗ್ಗು, ಗಸಗಸೆ, ಕೊಬ್ಬರಿ. ಬೆಳಗಿನ ಜಾವ 4 ಗಂಟೆಗೆ ಎದ್ದು 1 ಕೆಜಿ ಅಕ್ಕಿ, ಮುಕ್ಕಾಲು ಕೆಜಿ ತೊಗರಿಬೇಳೆಯನ್ನು ಎರಡು ಕಂತಿನಲ್ಲಿ ಕುಕ್ಕರಿಗೆ ಹಾಕಿದೆ. ಬೀನ್ಸು, ಕ್ಯಾರೆಟ್ಟು, ನವಿಲುಕೋಸು, ಬಟಾಣಿ, ಮೇಲೆ ಕಾಲು ಕೆಜಿ ತುಪ್ಪ. 7 ಗಂಟೆಗೆ ಪಾತ್ರೆಯ ಮುಚ್ಚಳ ತೆಗೆದಾಗ ಇಡೀ ಮನೆ ಘಮ್ ಅಂದಿತ್ತು. ಸೌಟಿನಿಂದ ಸುರಿದರೆ ಹರಿಯುವ ಹದ. ಆ ಹೊತ್ತಿಗೆ ಊಟ ಬಡಿಸಿದ್ದರೆ ಅದರ ಮುಂದೆ ಯಾವುದೂ ನಿಲ್ಲುತ್ತಿರಲಿಲ್ಲ.

ಊಟ ಆದದ್ದು ಮಧ್ಯಾಹ್ನ ಮುಕ್ಕಾಲು ಎರಡಕ್ಕೆ. ಆ ದಿನ ಪೀಣ್ಯದ ಪ್ರತಿ ಶೆಡ್ಡಿನಲ್ಲೂ ಪೂಜೆ ಇರುವುದರಿಂದ ಪುರೋಹಿತರು ಒಂದು ಕಡೆ ಮುಗಿಸಿ ಇನ್ನೊಂದು ಕಡೆಗೆ ಬರಬೇಕು. 11 ಗಂಟೆ ಎಂದಿದ್ದ ಪೂಜೆ ಶುರುವಾದಾಗಲೇ ಹನ್ನೆರಡೂವರೆ. ಮಂಗಳಾರತಿ ಆಗಿ, ಕುಂಬಳಕಾಯಿ ಒಡೆದು, ಗಾಡಿಗಳ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಮುಗಿಯುವ ತನಕ ನನ್ನ ಪಾತ್ರೆ ಆಫೀಸಿನ ಮೇಜಿನ ಮೇಲಿತ್ತು.

ಮುಚ್ಚಳ ತೆಗೆದೆ. ಸೌಟು ಒಳಗೆ ಇಳಿಯಲಿಲ್ಲ. ಮೇಲೆ ಚರ್ಮದ ಹಾಗೆ ಪದರ ಕಟ್ಟಿತ್ತು, ಒಳಗೆಲ್ಲ ಒಂದೇ ಮುದ್ದೆ. ಅನ್ನದ ಗಂಜಿ ತಣ್ಣಗಾಗುತ್ತ ಗಟ್ಟಿಯಾಗುತ್ತದೆ, ಬೆಂದ ಬೇಳೆ ಇದ್ದ ನೀರನ್ನೆಲ್ಲ ಹೀರುತ್ತಲೇ ಇರುತ್ತದೆ. ಮನೆಯಲ್ಲಿ ಒಲೆಯಿಂದ ತಟ್ಟೆಗೆ ಹತ್ತು ನಿಮಿಷ, ಹಾಗಾಗಿ ಇದು ಕಣ್ಣಿಗೆ ಬಿದ್ದೇ ಇರಲಿಲ್ಲ. ದರ್ಶಿನಿಗಳಲ್ಲಿ ಬಿಸಿಬೇಳೆಬಾತ್ ಪಾತ್ರೆಯನ್ನು ಬಿಸಿನೀರಿನ ಮೇಲಿಟ್ಟು, ಆಗಾಗ ಬಿಸಿನೀರು ಹಾಕಿ ಸಡಿಲ ಮಾಡುತ್ತಿರುತ್ತಾರೆ. ಹೆಸರಿನಲ್ಲೇ ‘ಬಿಸಿ’ ಇದೆ. ಬಿಸಿ ಹೋದರೆ ಆ ಅಡುಗೆಯ ಜೀವವೇ ಹೋಯಿತು.

ಬಿಸಿ ಮಾಡೋಣ ಎಂದರೆ ಪೂಜೆಗೆಂದು ಶೆಡ್ಡಿನ ಮೇನ್ ಇಳಿಸಿದ್ದರು, ಆಫೀಸಿನ ಲೈನೂ ಅದರಲ್ಲೇ. ಕರೆಂಟು ಬಂದಿದ್ದರೂ ಇದ್ದದ್ದು ಒಂದು ಚಿಕ್ಕ ಮೈಕ್ರೋವೇವು, ಒಂದು ಸಲಕ್ಕೆ ಒಂದು ಬಟ್ಟಲು. ಕಟಿಂಗ್ ಆಯಿಲ್, ಗ್ರೀಸು ಇರುವ ಜಾಗದಲ್ಲಿ ಗ್ಯಾಸ್ ಒಲೆ ಹಚ್ಚುವ ಹಾಗಿಲ್ಲ, ಅದು ಸರಿಯಾದ ನಿಯಮವೇ. ಕಾಫಿ ಫ್ಲಾಸ್ಕಿನಲ್ಲಿದ್ದ ಬಿಸಿನೀರು ಸುರಿದು ಕಲಸಿದೆ. ನೀರು ಬೇರೆ, ಮುದ್ದೆ ಬೇರೆ ಆಯಿತು. ಉಪ್ಪು ಸಪ್ಪೆಯಾಯಿತು, ಹುಳಿ ತಪ್ಪಿತು, ತುಪ್ಪದ ಘಮ ಹೋಗಿ ಜಿಡ್ಡು ಮಾತ್ರ ಉಳಿಯಿತು. ಮಷಿನ್ ಹೊಂದಿಸಿಕೊಡುವ ಸೆಟ್ಟರ್ ಹುಡುಗರು ಒಳ್ಳೆಯವರು, ‘ಚೆನ್ನಾಗಿದೆ ಅಕ್ಕ’ ಎನ್ನುತ್ತಲೇ ಒಂದೊಂದು ಸೌಟು ಹಾಕಿಸಿಕೊಂಡರು. ಎರಡನೇ ಸಲಕ್ಕೆ ಯಾರೂ ಬರಲಿಲ್ಲ. ಪಕ್ಕದಲ್ಲಿದ್ದ ಮೊಸರನ್ನ ಹತ್ತು ನಿಮಿಷದಲ್ಲಿ ಖಾಲಿಯಾಯಿತು.

ಉಳಿದದ್ದನ್ನು ಯಾರಿಗಾದರೂ ಕೊಡೋಣ ಎಂದರೆ ಸಂಜೆ ಐದಕ್ಕೇ ಹಳಸಿದ ವಾಸನೆ. ಅನ್ನ ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಉಗುರುಬೆಚ್ಚಗಿನ ಅನ್ನದಲ್ಲಿ ಗಂಟೆಗಟ್ಟಲೆ ಸಮಯ ಸಿಕ್ಕರೆ ಬೆಳೆಯುತ್ತವೆ. ಒಂದೋ 60 ಡಿಗ್ರಿಗಿಂತ ಮೇಲೆ ಬಿಸಿಯಾಗಿರಬೇಕು, ಇಲ್ಲವೇ ಬೇಗ ತಿಂದು ಮುಗಿಸಬೇಕು. ಮೂರು ಕೆಜಿಯಷ್ಟು ಅನ್ನ ಬೇಳೆ ತುಪ್ಪವನ್ನು ಚೆಲ್ಲುವಾಗ ಕಣ್ಣಲ್ಲಿ ನೀರು ಬಂತು.

ಹಾಟ್‌ಬಾಕ್ಸಿನಲ್ಲಿ ಒಯ್ಯಬಹುದಲ್ಲ ಎಂದು ಹಲವರು ಕೇಳಿದ್ದಾರೆ. ಆಮೇಲೆ ಮನೆಯಲ್ಲಿ ಅದನ್ನೂ ಮಾಡಿ ನೋಡಿದೆ. ನಮ್ಮ ಎರಡೂವರೆ ಲೀಟರಿನ ಹಾಟ್‌ಬಾಕ್ಸಿನಲ್ಲಿ ನಾಲ್ಕು ಗಂಟೆ ಬೆಚ್ಚಗಿತ್ತು, ಆದರೆ ಬೆಚ್ಚಗಿದ್ದುಕೊಂಡೇ ಗಟ್ಟಿಯಾಯಿತು. 32 ಜನಕ್ಕೆ ಅಂಥವು ಮೂರೋ ನಾಲ್ಕೋ ಬೇಕು. ಸ್ಕೂಟರಿನಲ್ಲಿ ತುಮಕೂರು ರಸ್ತೆಯ ಹಂಪು ದಾಟಿಸಿ ಅಷ್ಟನ್ನೂ ಒಯ್ಯುವುದು ನನ್ನಿಂದಾಗದ ಮಾತು. ನಿಮ್ಮ ಆಫೀಸಿನಲ್ಲಿ ಅಡುಗೆಮನೆಯೇ ಇದ್ದು, ಊಟ ಹೇಳಿದ ಹೊತ್ತಿಗೆ ಆಗುತ್ತದೆ ಎಂದಾದರೆ ಬಿಸಿಬೇಳೆಬಾತ್ ಮಾಡಿ. ನಮ್ಮಲ್ಲಿ ಎರಡೂ ಇಲ್ಲ.

ಎರಡನೇ ವರ್ಷದ ವಾಂಗಿಬಾತ್ ಕೆಟ್ಟದ್ದೇನೂ ಆಗಿರಲಿಲ್ಲ. ತಣ್ಣಗಾದರೂ ಉದುರುದುರಾಗಿತ್ತು, ಬಣ್ಣವೂ ಚೆನ್ನಾಗಿತ್ತು. ಆದರೆ ಬದನೆಕಾಯಿಯನ್ನು ಹಿಂದಿನ ರಾತ್ರಿ ಹೆಚ್ಚಿಡುವಂತಿಲ್ಲ, ಕಪ್ಪಾಗುತ್ತದೆ. ಎರಡು ಕೆಜಿ ಬದನೆಕಾಯಿಯನ್ನು ಬೆಳಿಗ್ಗೆಯೇ ಹೆಚ್ಚಿ ಉಪ್ಪುನೀರಿಗೆ ಹಾಕಬೇಕು. ಅದಕ್ಕಿಂತ ಮುಖ್ಯವಾಗಿ, ಬದನೆಕಾಯಿ ತಿನ್ನದವರು ಇಷ್ಟು ಜನ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಕೆಲವರಿಗೆ ನವೆ, ಕೆಲವರಿಗೆ ಸುಮ್ಮನೆ ಬೇಡ. ಮುಖ್ಯ ಪದಾರ್ಥವನ್ನೇ ಹತ್ತು ಜನ ಬಿಟ್ಟರೆ ಅವರಿಗೆ ಊಟವೇ ಆಗುವುದಿಲ್ಲ.

ಪಲಾವು ಸುಲಭ, ಆದರೆ ಪೂಜೆಯ ದಿನ ಈರುಳ್ಳಿ ಬೆಳ್ಳುಳ್ಳಿ ಬೇಡ ಎನ್ನುವವರು ನಮ್ಮಲ್ಲಿದ್ದಾರೆ. ಚಿತ್ರಾನ್ನ ನಾವು ದಿನಾ ಬುತ್ತಿಗೆ ಒಯ್ಯುವುದೇ, ಹಬ್ಬದ ಕಳೆ ಬರುವುದಿಲ್ಲ. ಹೊರಗಿನಿಂದ ತರಿಸಿದರೆ ನನ್ನ ಕೈಗೆ ದುಬಾರಿ.

ಪುಳಿಯೋಗರೆ ಹೊಳೆದದ್ದು ಮೇಲುಕೋಟೆಯಿಂದ. ಬೆಳಿಗ್ಗೆ ಅಲ್ಲಿ ಕಟ್ಟಿಸಿಕೊಂಡ ಪೊಟ್ಟಣವನ್ನು ಸಂಜೆ ಬೆಂಗಳೂರಿಗೆ ಬಂದು ಬಿಚ್ಚಿದಾಗ ಬೆಳಗಿಗಿಂತ ರುಚಿಯಾಗಿತ್ತು. ಹುಣಸೆಯ ಹುಳಿ, ಉಪ್ಪು, ಎಣ್ಣೆ ಮೂರೂ ಅನ್ನವನ್ನು ಕಾಯುತ್ತವೆ. ಹೊತ್ತು ಹೋದಷ್ಟೂ ಗೊಜ್ಜು ಅಗುಳಿನೊಳಗೆ ಇಳಿಯುತ್ತದೆ. ಪೂಜೆ ಎಷ್ಟು ತಡವಾದರೂ ನನ್ನ ಎದೆ ಹೊಡೆದುಕೊಳ್ಳುವುದಿಲ್ಲ.

ಕೆಲಸದ ಮುಕ್ಕಾಲು ಪಾಲು ಹಿಂದಿನ ಭಾನುವಾರವೇ ಮುಗಿಯುತ್ತದೆ ಎನ್ನುವುದು ನನಗೆ ಎಲ್ಲಕ್ಕಿಂತ ದೊಡ್ಡ ಲಾಭ. 2 ಕೆಜಿ ಅಕ್ಕಿಗೆ ಕಾಲು ಕೆಜಿ ಹಳೇ ಹುಣಸೆಹಣ್ಣು, ಸುಮಾರು 150 ಗ್ರಾಂ ಬೆಲ್ಲ, 300 ಎಂಎಲ್ ಕಡಲೆಕಾಯಿ ಎಣ್ಣೆ. ಪುಡಿಗೆ ಕೊತ್ತಂಬರಿ ಬೀಜ, ಮೆಂತ್ಯ, ಜೀರಿಗೆ, ಸಾಸಿವೆ, ಬ್ಯಾಡಗಿ. ಬ್ಯಾಡಗಿಯಿಂದ ಬಣ್ಣ ಬರುತ್ತದೆ, ಖಾರ ಕಡಿಮೆ. ಖಾರಕ್ಕೆ ಕಾಳುಮೆಣಸು ಹಾಕುತ್ತೇನೆ. ಇಡೀ ಅನ್ನಕ್ಕೆ ಬೇಕಾದ ಉಪ್ಪನ್ನು ಗೊಜ್ಜಿಗೇ ಹಾಕಿ, ಸಣ್ಣ ಉರಿಯಲ್ಲಿ ಎಣ್ಣೆ ಬಿಡುವ ತನಕ ಮುಕ್ಕಾಲು ಗಂಟೆ ಕುದಿಸಬೇಕು. ಇಲ್ಲಿ ಅವಸರ ಮಾಡಿದರೆ ಹಸಿ ಹುಣಸೆಯ ವಾಸನೆ ಉಳಿಯುತ್ತದೆ. ನೀರಿನಂಶ ಹೋದ ಗೊಜ್ಜು ಒಣಗಿದ ಡಬ್ಬಿಯಲ್ಲಿ ವಾರ ಕೂರುತ್ತದೆ.

ಪೂಜೆಯ ದಿನ ಐದೂವರೆಗೆ ಎದ್ದರೆ ಸಾಕು. ಹಳೇ ಸೋನಾ ಮಸೂರಿಯನ್ನು ನೀರು ಸ್ವಲ್ಪ ಕಡಿಮೆ ಇಟ್ಟು ಬೇಯಿಸಿ, ಎರಡು ಹರಿವಾಣಕ್ಕೆ ಹರಡಿ, ಎಣ್ಣೆ ಸವರಿ ಫ್ಯಾನ್ ಕೆಳಗೆ ಆರಿಸುತ್ತೇನೆ. ಬಿಸಿ ಅನ್ನಕ್ಕೆ ಗೊಜ್ಜು ಹಾಕಿದರೆ ಮೆತ್ತಗಾಗಿ ಮುದ್ದೆಯಾಗುತ್ತದೆ, ಪೂರ್ತಿ ಆರಲೇಬೇಕು. ಆಮೇಲೆ ಗೊಜ್ಜು, ಹುರಿದ ಎಳ್ಳಿನ ಪುಡಿ, ಕೊಬ್ಬರಿ ತುರಿ ಹಾಕಿ ಕೈಯಲ್ಲೇ ಕಲಸುವುದು. ಹಸಿ ತೆಂಗಿನಕಾಯಿ ಬೇಡ, ಮಧ್ಯಾಹ್ನಕ್ಕೆ ಹಳಸುತ್ತದೆ. ಕಡಲೆಕಾಯಿ ಬೀಜದ ಒಗ್ಗರಣೆಯನ್ನು ಮಾತ್ರ ಬೇರೆ ಡಬ್ಬಿಯಲ್ಲಿ ಒಯ್ದು ಬಡಿಸುವಾಗ ಮೇಲೆ ಹಾಕಿ. ಬೀಜ ಗರಿಗರಿಯಾಗಿರುತ್ತದೆ, ಅದು ಒಗ್ಗದವರು ಬಿಟ್ಟು ಹಾಕಿಸಿಕೊಳ್ಳಬಹುದು.

ಖರ್ಚು ಐನೂರು ರೂಪಾಯಿಯ ಒಳಗೆ ಮುಗಿಯಿತು. ಬೇಳೆ, ತರಕಾರಿ, ತುಪ್ಪ ಸೇರಿ ಬಿಸಿಬೇಳೆಬಾತಿಗೆ ಎಂಟುನೂರರ ಹತ್ತಿರ ಹೋಗಿತ್ತು.

ಕೊರತೆ ಒಂದಿದೆ. ಹುಳಿ ಕಂಡರೆ ಎದೆಯುರಿ ಎನ್ನುವ ಹಿರಿಯರು ಇಬ್ಬರಿದ್ದಾರೆ. ಅವರಿಗೆ ಮೊಸರನ್ನ ಇದ್ದೇ ಇರುತ್ತದೆ.

ಕಳೆದ ವರ್ಷ ಕಲಬುರಗಿ ಕಡೆಯ ಆಪರೇಟರ್ ಒಬ್ಬರು ತಾವು ತಂದ ಜೋಳದ ರೊಟ್ಟಿಗೆ ಪಾತ್ರೆಯ ತಳದಲ್ಲಿ ಉಳಿದಿದ್ದ ಗೊಜ್ಜನ್ನು ಬಳಿದು ತಿಂದು, ‘ಇದನ್ನ ಒಂದ್ ಡಬ್ಬಿ ನಮ್ಮ ಮನಿಗೂ ಕೊಡ್ರಿ ಅಕ್ಕಾರ’ ಎಂದರು. ಈ ಭಾನುವಾರ ಅವರ ಡಬ್ಬಿಗೂ ಸೇರಿಸಿ ಮುನ್ನೂರೈವತ್ತು ಗ್ರಾಂ ಹುಣಸೆಹಣ್ಣು ನೆನೆಹಾಕುತ್ತಿದ್ದೇನೆ.