ರಜೆ ಅವರದು, ಫೀಸು ನಮ್ಮದು: ತುಮಕೂರಿನಲ್ಲಿ ಡೇ ಕೇರ್ ಹುಡುಕುತ್ತಿರುವವರಿಗೆ

ತುಮಕೂರಿನಲ್ಲಿ ಮಗುವನ್ನು ಡೇ ಕೇರ್‌ಗೆ ಸೇರಿಸಲು ಓಡಾಡುತ್ತಿರುವವರು ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿಬಿಡಿ. ಜಾಗದ ಹೆಸರು ಹಾಕುತ್ತಿಲ್ಲ. ಜಗಳ ಇನ್ನೂ ಮುಗಿದಿಲ್ಲ. ಅದೂ ಅಲ್ಲದೆ, ವಿಚಾರಿಸಿದ ಬೇರೆ ಕಡೆಗಳಲ್ಲೂ ಹೆಚ್ಚುಕಡಿಮೆ ಇದೇ ಕಥೆ ಕೇಳಿದೆ.

ನಮ್ಮ ಮನೆ ಎಸ್‌ಐಟಿ ಬಡಾವಣೆ ಕಡೆ. ಮನೆಯವರಿಗೆ ವಸಂತನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ನನಗೆ ಬಿ.ಎಚ್. ರಸ್ತೆಯ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಅತ್ತೆ ಮಾವ ಮಧುಗಿರಿ ಕಡೆ ಹಳ್ಳಿಯಲ್ಲಿದ್ದಾರೆ, ಹಸು ಬಿಟ್ಟು ಬರುವ ಹಾಗಿಲ್ಲ. ಮಗಳನ್ನು ಸೇರಿಸಿದಾಗ ತಿಂಗಳಿಗೆ 5,000 ಫೀಸು, 10,000 ಅಡ್ವಾನ್ಸ್. ಜಾಗ ಚೊಕ್ಕಟವಾಗಿತ್ತು, ಆಯಮ್ಮಂದಿರು ಒಳ್ಳೆಯವರು. ಆ ವಿಷಯದಲ್ಲಿ ಇವತ್ತಿಗೂ ನನ್ನ ತಕರಾರಿಲ್ಲ.

ತಕರಾರು ಶುರುವಾಗಿದ್ದು ದಸರಾಗೆ. ಆಯುಧಪೂಜೆಗೆ, ವಿಜಯದಶಮಿಗೆ ಮುಚ್ಚುತ್ತಾರೆ, ಅದು ಎಲ್ಲರಿಗೂ ಗೊತ್ತು. ಆದರೆ ವಾಟ್ಸಾಪ್‌ನಲ್ಲಿ ಬಂದ ಮೆಸೇಜು ಬೇರೆಯೇ ಇತ್ತು. ಶಾಲೆಗಳಿಗೆ ರಜೆ ಇರುವಷ್ಟು ದಿನವೂ ಡೇ ಕೇರ್ ಇಲ್ಲ, ಫೀಸು ಮಾತ್ರ ಐದನೇ ತಾರೀಖಿನೊಳಗೆ ಪೂರ್ತಿ ಕಟ್ಟಬೇಕು!

ಡೇ ಕೇರ್ ಬೇಕಾಗಿರುವುದೇ ಕೆಲಸಕ್ಕೆ ಹೋಗುವವರಿಗೆ, ಅಲ್ವಾ? ಕರ್ನಾಟಕದಲ್ಲಿ ಕಾರ್ಖಾನೆಗಳ ಹಬ್ಬದ ರಜೆಗೆ 1963ರ ಕಾಯ್ದೆ ಇದೆ. ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ, ಜೊತೆಗೆ ಇನ್ನು ಐದು ಹಬ್ಬ. ಅಷ್ಟೇ. ನಮ್ಮ ಮನೆಯವರಿಗೆ ಸಿಗುವುದೂ ಅಷ್ಟೇ. ಶಾಲೆಗಳಿಗಾದರೆ ದಸರಾಗೆ ವಾರಗಟ್ಟಲೆ ರಜೆ, ಆಮೇಲೆ ಏಪ್ರಿಲ್‌ನಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ಆ ಕ್ಯಾಲೆಂಡರ್ ಇಟ್ಟುಕೊಂಡು ಡೇ ಕೇರ್ ನಡೆಸಿದರೆ ನಾವು ಮಗುವನ್ನು ಎಲ್ಲಿ ಬಿಡಬೇಕು? ನಾನು ಎದುರುಮನೆ ಆಂಟಿಯ ಹತ್ತಿರ ಬಿಟ್ಟೆ, ಅವರಿಗೆ ಬೇರೆ ದುಡ್ಡು ಕೊಟ್ಟೆ. ಒಂದೇ ಸಂಸಾರಕ್ಕೆ ಎರಡು ಮನೆ ಬಾಡಿಗೆ ಕಟ್ಟಿದ ಹಾಗಾಯಿತು.

ನಡೆಸುವ ಮೇಡಂನ ಕೇಳಿದೆ. "ಬಿಲ್ಡಿಂಗ್ ಬಾಡಿಗೆ ರಜೆಯಲ್ಲೂ ಕಟ್ಟಬೇಕಲ್ವಾ ಮೇಡಂ? ಆಯಾಗಳಿಗೆ ಸಂಬಳ ಕೊಡಬೇಕಲ್ವಾ?" ಅಂದರು. ನ್ಯಾಯವಾದ ಮಾತೇ. ಮಕ್ಕಳನ್ನು ಎತ್ತಿ ಆಡಿಸುವವರ ಹೊಟ್ಟೆಪಾಡಿಗೆ ಅಂದರೆ ನಾನು ತಕರಾರು ಮಾಡುವುದಿಲ್ಲ. ಸುಮ್ಮನೆ ಕಟ್ಟಿದೆ.

ಡಿಸೆಂಬರ್ ರಜೆಯ ಹೊತ್ತಿಗೆ ಗೇಟಿನ ಹತ್ತಿರ ಆಯಮ್ಮ ಸಿಕ್ಕರು. ಮಾತಿಗೆ ಮಾತು ಬಂದು ಕೇಳಿದರೆ, "ರಜಾ ಇದ್ರೆ ನಮ್ಗೆಲ್ಲಿ ಸಂಬಳ ಅಕ್ಕ, ಬಂದ ದಿನಕ್ಕಷ್ಟೇ ಲೆಕ್ಕ" ಅಂದರು. ಪಾಪ, ಅವರು ರಜೆಯಲ್ಲಿ ಬೇರೆ ಮನೆ ಕೆಲಸ ಹುಡುಕುತ್ತಿದ್ದರು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

ಬೇಸಿಗೆಗೆ ಇನ್ನೊಂದು ಹೊಸ ನಿಯಮ. ಏಪ್ರಿಲ್, ಮೇ ಎರಡಕ್ಕೂ ಅರ್ಧ ಫೀಸು, "ಸೀಟು ಹಿಡಿದಿಡೋಕೆ". ಅದೇ ಕಟ್ಟಡದಲ್ಲಿ ಅದೇ ತಿಂಗಳು ಸಮ್ಮರ್ ಕ್ಯಾಂಪ್, ಅದಕ್ಕೆ ಬೇರೆ ಫೀಸು! ಮಗಳನ್ನು ಅದಕ್ಕೂ ಸೇರಿಸಬಹುದು ಅಂದರು. ಬಾಗಿಲು ತೆಗೆದಿದೆ, ಫ್ಯಾನು ತಿರುಗುತ್ತಿದೆ, ಆದರೆ ನಮಗೆ ಮಾತ್ರ ರಜೆ.

ಮಾರ್ಚ್ ಕೊನೆಯಲ್ಲೇ ಬಿಡುತ್ತೇವೆ ಅಂತ ಪತ್ರ ಕೊಟ್ಟೆ. ಫಾರಂನಲ್ಲಿ ಇದ್ದದ್ದು ಒಂದು ತಿಂಗಳ ನೋಟಿಸ್. ರಜೆ ತಿಂಗಳು ನೋಟಿಸ್‌ಗೆ ಲೆಕ್ಕವಿಲ್ಲ, ಜೂನ್ ಸೇರಬೇಕು ಅಂದರು. ಏಪ್ರಿಲ್‌ಗೆ 2,500, ಮೇಗೆ 2,500, ಜೂನ್‌ಗೆ 5,000. ಅಡ್ವಾನ್ಸ್ ಸರಿಯಾಗಿ ಸೊನ್ನೆ. ಲೆಕ್ಕ ಬರೆದು ಹೊಟ್ಟೆ ಹೊರೆಯುವವಳಿಗೇ ಈ ಲೆಕ್ಕ ಒಪ್ಪಿಸಲು ಬಂದರು ನೋಡಿ. ರಜೆ ತಿಂಗಳು ಲೆಕ್ಕವಿಲ್ಲ ಅನ್ನುವ ಸಾಲು ಫಾರಂನಲ್ಲಿ ಎಲ್ಲೂ ಇರಲಿಲ್ಲ.

ಹಾಗಾಗಿ ಸೇರಿಸುವ ದಿನವೇ ವರ್ಷದ ರಜೆ ಪಟ್ಟಿಯನ್ನು ಕಾಗದದ ಮೇಲೆ ಸಹಿ ಹಾಕಿಸಿ ಇಸಿದುಕೊಳ್ಳಿ. "ಸರ್ಕಾರಿ ರಜೆಗಳು" ಅಂತ ಬಾಯಲ್ಲಿ ಹೇಳಿದರೆ ಅದರಲ್ಲಿ ಏನು ಬೇಕಾದರೂ ಹಿಡಿಯುತ್ತದೆ. ಅವರಾಗಿ ಮುಚ್ಚಿದ ದಿನಕ್ಕೆ ಫೀಸು ಎಷ್ಟು, ಮಗುವಿಗೆ ಜ್ವರ ಬಂದು ನಾವು ಕಳಿಸದ ದಿನಕ್ಕೆ ಎಷ್ಟು, ಇವೆರಡನ್ನೂ ಬೇರೆ ಬೇರೆ ಕೇಳಿ. ನೋಟಿಸ್ ತಿಂಗಳಿಗೆ ರಜೆ ಸೇರುತ್ತದೋ ಇಲ್ಲವೋ ಬರೆಸಿಕೊಳ್ಳಿ. ಆಯಮ್ಮಂದಿರಿಗೆ ರಜೆ ಸಂಬಳ ಇದೆಯಾ ಅಂತ ಆಯಮ್ಮಂದಿರನ್ನೇ ಕೇಳಿ.

ನೀವು ದೊಡ್ಡ ಕಂಪನಿಯಲ್ಲಿದ್ದರೆ ಇನ್ನೊಂದು ದಾರಿ ಇದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದಾಗಿನಿಂದ 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು. ಎಚ್‌ಆರ್‌ನವರನ್ನು ಕೇಳಿ. ನಮ್ಮ ಆಫೀಸಿನಲ್ಲಿ ಅಷ್ಟು ಜನ ಇಲ್ಲ.

ಈಗ ಮಗಳು ಕ್ಯಾತ್ಸಂದ್ರದ ಕಡೆ, ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಒಬ್ಬರ ಹತ್ತಿರ ಇದ್ದಾಳೆ. ಮುಚ್ಚುವ ದಿನಗಳನ್ನು ಮೊದಲೇ ಬರೆದುಕೊಟ್ಟಿದ್ದಾರೆ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆಯಲ್ಲಿ ಮುಚ್ಚುವುದೂ ಅದರಲ್ಲಿದೆ. ಆ ದಿನಗಳಿಗೆ ಅರ್ಧ ಫೀಸು, ಅದು ಸಹಾಯಕ್ಕಿರುವ ಹುಡುಗಿಯ ಸಂಬಳಕ್ಕೆ. ಖುಷಿಯಿಂದ ಕೊಡುತ್ತೇನೆ.

ಹಳೆಯ ಜಾಗದಿಂದ ನನಗೆ ಬರಬೇಕಾದದ್ದು ಏಪ್ರಿಲ್‌ನದು ಕಳೆದು 7,500. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ, ಆಮೇಲೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಕಳಿಸಿದೆ. 2,500 ವಾಪಸ್ ಬಂತು. ಉಳಿದದ್ದಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕೇಬೇಕು ಅಂತಲೂ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಒಂದೇ ತರಹದ ತೊಂದರೆ ಆದವರು ಆಯೋಗದ ಅನುಮತಿ ಪಡೆದು ಸೇರಿ ದೂರು ಕೊಡಬಹುದು. ಬೇಸಿಗೆಯಲ್ಲಿ "ಸೀಟು ಹಿಡಿದಿಡೋಕೆ" ದುಡ್ಡು ಕಟ್ಟಿದವರು ನಿಮ್ಮಲ್ಲೂ ಇದ್ದರೆ ರಸೀದಿ, ವಾಟ್ಸಾಪ್ ಮೆಸೇಜು ಅಳಿಸದೆ ಇಟ್ಟುಕೊಂಡು ನನಗೆ ತಿಳಿಸಿ.