18ರ ಆಚೆಗೆ ಏನು? ಧಾರವಾಡದ ಒಂದು ಗ್ರಂಥಾಲಯದ ಕಪಾಟನ್ನು ನಾಲ್ಕು ವರ್ಷ ಬಳಸಿದ ಮೇಲೆ

ನನ್ನ ಮಗನಿಗೆ ಈಗ 20 ವರ್ಷ. ಬೌದ್ಧಿಕ ಅಂಗವಿಕಲತೆ ಇದೆ. ಸ್ಪೆಷಲ್ ಸ್ಕೂಲಿನಲ್ಲಿ ಓದಿದವನು. ಅವನಿಗೆ 16 ತುಂಬುವ ಹೊತ್ತಿಗೆ ಅವನ ಟೀಚರ್ ನನ್ನನ್ನು ಕೂರಿಸಿಕೊಂಡು, "ಇನ್ನೆರಡು ವರ್ಷ ಶಾಲೆ. ಆಮೇಲೆ ಏನು ಅಂತ ಯೋಚನೆ ಮಾಡಿದ್ದೀರಾ ಅಕ್ಕಾ?" ಎಂದು ಕೇಳಿದರು. ಮಾಡಿರಲಿಲ್ಲ. ದಿನಾ ಬೆಳಿಗ್ಗೆ ಅಂಗಿ ಗುಂಡಿ ಹಾಕಿ, ಡಬ್ಬಿ ಕಟ್ಟಿ, ಶಾಲೆ ಗಾಡಿ ಹತ್ತಿಸುವುದರಲ್ಲೇ ವರ್ಷಗಳು ಕಳೆದಿದ್ದವು. ಇಂಥ ಮಕ್ಕಳ ಮುಂದಿನ ಬದುಕಿಗೆ ಬೇಕಾದ ಪುಸ್ತಕಗಳನ್ನು ಒಂದು ಗ್ರಂಥಾಲಯದಲ್ಲಿ ಬೇರೆ ಕಪಾಟಿನಲ್ಲಿ ಇಟ್ಟಿದ್ದಾರೆ, ಹೋಗಿ ನೋಡಿ ಅಂತ ಅವರೇ ಹೇಳಿದರು.

ಅಂದಿನಿಂದ ಆ ಕಪಾಟನ್ನು ಬಳಸುತ್ತಿದ್ದೇನೆ. ನಮ್ಮಂಥ ಪಾಲಕರು ಬೇರೆ ಊರುಗಳಲ್ಲೂ ಇದ್ದಾರೆ. ನಾನು ಎಲ್ಲಿ ದಾರಿ ತಪ್ಪಿದೆ, ಏನು ನಿಜಕ್ಕೂ ಕೈ ಹಿಡಿಯಿತು ಅಂತ ಅವರಿಗೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಅದು ಕಬ್ಬಿಣದ ಕಪಾಟು. ನಾಲ್ಕು ಅರೆ. ಮೇಲಿನದರಲ್ಲಿ ಕಾನೂನು ಮತ್ತು ಯೋಜನೆಗಳ ಪುಸ್ತಕಗಳು. ಅದರ ಕೆಳಗೆ ಪಾಲಕರಿಗೆ ಮತ್ತು ಟೀಚರುಗಳಿಗೆ ಬರೆದ ಕೈಪಿಡಿಗಳು. ಮೂರನೆಯದರಲ್ಲಿ ದಪ್ಪ ಇಂಗ್ಲಿಷ್ ಪುಸ್ತಕಗಳು. ಎಲ್ಲಕ್ಕಿಂತ ಕೆಳಗೆ ರಟ್ಟಿನ ಪೆಟ್ಟಿಗೆಗಳಲ್ಲಿ ಚಿತ್ರದ ಕಾರ್ಡುಗಳು. ಪಕ್ಕದ ಮೇಜಿನ ಮೇಲೆ ಒಂದು ಕಂಪ್ಯೂಟರ್, ಹೆಡ್‌ಫೋನ್. ನಾನು ಮೇಲಿನಿಂದ ಶುರು ಮಾಡಿದೆ. ಕೆಳಗಿನಿಂದ ಶುರು ಮಾಡಬೇಕಿತ್ತು.

ಮೊದಲು ಕೈಗೆ ಸಿಕ್ಕಿದ್ದು ಒಂದು ತೆಳ್ಳನೆಯ ಕನ್ನಡ ಪುಸ್ತಕ. ಮನೆಗೆ ತಂದು ರಾತ್ರಿ ಓದಿದೆ. ಸರ್ಕಾರಿ ಕೆಲಸದ ಮೀಸಲಾತಿಯಲ್ಲಿ ಕಣ್ಣು, ಕಿವಿ, ಕೈಕಾಲಿನ ತೊಂದರೆ ಇದ್ದವರಿಗೆ ಪಾಲು ಇತ್ತು. ನನ್ನ ಮಗನಂಥವರ ಹೆಸರೇ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ವಾಪಸ್ ಕೊಡಲು ಹೋದಾಗ ಗ್ರಂಥಪಾಲಕಿ ಪುಟ ತಿರುಗಿಸಿ ನೋಡಿ, "ಅಯ್ಯೋ, ಇದು 1995ರ ಕಾನೂನಿನ ಪುಸ್ತಕ" ಎಂದರು. 2016ರಲ್ಲಿ ಅಂಗವಿಕಲರ ಹಕ್ಕುಗಳ ಹೊಸ ಕಾನೂನು ಬಂದಿದೆ. 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಳೆಯದರಲ್ಲಿ 7 ಬಗೆಯ ಅಂಗವಿಕಲತೆ ಇದ್ದರೆ ಹೊಸದರಲ್ಲಿ 21. ಸರ್ಕಾರಿ ಹುದ್ದೆಗಳಲ್ಲಿ 4 ಪರ್ಸೆಂಟ್ ಮೀಸಲು. ಅದರಲ್ಲಿ 1 ಪರ್ಸೆಂಟ್ ಆಟಿಸಂ, ಬೌದ್ಧಿಕ ಅಂಗವಿಕಲತೆ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ ಇರುವವರಿಗೆ ಮತ್ತು ಬಹು ಅಂಗವಿಕಲತೆ ಇರುವವರಿಗೆ ಸೇರಿಸಿ. ನನ್ನ ಮಗ ಪರೀಕ್ಷೆ ಬರೆದು ಸರ್ಕಾರಿ ಕೆಲಸಕ್ಕೆ ಹೋಗುತ್ತಾನೆ ಅಂತ ನಾನು ಆಸೆ ಇಟ್ಟುಕೊಂಡಿಲ್ಲ. ಆದರೆ ಲೆಕ್ಕದಲ್ಲಿ ಅವನೂ ಇದ್ದಾನೆ ಅಂತ ಓದಿದಾಗ ಎದೆ ಹಗುರ ಆಯಿತು. ಹಳೆ ಪುಸ್ತಕ ಇನ್ನೂ ಅದೇ ಅರೆಯಲ್ಲಿ ಹೊಸದರ ಪಕ್ಕದಲ್ಲೇ ಇದೆ. ಕೊನೆಗೆ ನಾನೇ ಕೇಳಿ, ಅದರ ಮೇಲೆ "ಹಳೆಯ ಕಾನೂನು" ಎಂದು ಒಂದು ಚೀಟಿ ಅಂಟಿಸಿಸಿದೆ. ಈ ಕಪಾಟಿನ ದೊಡ್ಡ ಕೊರತೆ ಇದೇ. ಯಾವ ಪುಸ್ತಕ ಯಾವ ಕಾಲದ್ದು ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಕಾನೂನಿನ ಪುಸ್ತಕ ತೆಗೆದರೆ ಮೊದಲು ಇಸವಿ ನೋಡಿ.

ಮೇಲಿನ ಅರೆಯಿಂದ ಆದ ದೊಡ್ಡ ಉಪಕಾರ ಗಾರ್ಡಿಯನ್‌ಶಿಪ್, ಅಂದರೆ ಪೋಷಕತ್ವದ ವಿಷಯ. ಮಗನಿಗೆ 18 ತುಂಬಿದ ದಿನದಿಂದ ಕಾನೂನಿನ ಪ್ರಕಾರ ಅವನು ದೊಡ್ಡವನು. ಹೆತ್ತವರು ಅನ್ನುವ ಒಂದೇ ಕಾರಣಕ್ಕೆ ಅವನ ಪರವಾಗಿ ಸಹಿ ಹಾಕಲು ಬರುವುದಿಲ್ಲ. ಇದು ನನಗೆ ಗೊತ್ತೇ ಇರಲಿಲ್ಲ. ನಿಮ್ಮಲ್ಲೂ ಎಷ್ಟೋ ಜನರಿಗೆ ಗೊತ್ತಿಲ್ಲ, ಅಲ್ವಾ? ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ, ಬಹು ಅಂಗವಿಕಲತೆ, ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾನೂನು ಇದೆ. ಅದರ ಕೆಳಗೆ ಜಿಲ್ಲೆಯಲ್ಲಿ ಒಂದು ಸ್ಥಳೀಯ ಸಮಿತಿ ಇರುತ್ತದೆ. ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವಿಕಲರೊಬ್ಬರು ಅದರಲ್ಲಿರುತ್ತಾರೆ. ಪೋಷಕರನ್ನು, ಅಂದರೆ ಗಾರ್ಡಿಯನ್ ಅನ್ನು, ನೇಮಿಸಿ ಎಂದು ಅವರಿಗೆ ಅರ್ಜಿ ಹಾಕಬೇಕು. ನೇಮಕ ಆದ ಮೇಲೆ 6 ತಿಂಗಳೊಳಗೆ ಮಗನ ಆಸ್ತಿಪಾಸ್ತಿಯ ಪಟ್ಟಿ ಕೊಡಬೇಕು. ಆಮೇಲೆ ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಈ ಲೆಕ್ಕದ ಮಾತು ಓದಿದಾಗ ನನ್ನ ಗಂಡ, "ನಮ್ಮ ಮಗನ ದುಡ್ಡಿಗೆ ನಾವು ಲೆಕ್ಕ ಕೊಡಬೇಕಾ" ಎಂದು ಬೇಜಾರು ಮಾಡಿಕೊಂಡರು. ನನಗೆ ಅದು ಸರಿ ಅನಿಸಿತು. ನಾವು ಹೋದ ಮೇಲೆ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಅವರನ್ನು ಕೇಳುವವರು ಒಬ್ಬರು ಇರಲಿ.

2016ರ ಕಾನೂನಿನಲ್ಲಿ ಸೀಮಿತ ಪೋಷಕತ್ವ ಅಂತ ಇನ್ನೊಂದು ದಾರಿ ಇದೆ. ಒಂದು ನಿರ್ದಿಷ್ಟ ತೀರ್ಮಾನಕ್ಕೆ, ಒಂದು ಅವಧಿಗೆ ಮಾತ್ರ, ಅದೂ ಮಗನ ಜೊತೆ ಕೂಡಿ ತೀರ್ಮಾನ ಮಾಡುವುದು. ಎರಡಕ್ಕೂ ಇರುವ ವ್ಯತ್ಯಾಸವನ್ನು ಒಂದು ಕೈಪಿಡಿ ಸರಳವಾಗಿ ಬಿಡಿಸಿ ಹೇಳಿದೆ. ಅರ್ಜಿ ಹಾಕುವ ಮೊದಲು ಅದನ್ನು ಓದಿ. ಒಂದು ಬ್ಯಾಂಕಿನಲ್ಲಿ ಮಗನ ಹೆಸರಲ್ಲಿ ಖಾತೆ ತೆರೆಯಲು ಹೋದಾಗ ಕೌಂಟರಿನವರು ಅವನ ಮುಖ ನೋಡಿಯೇ ಆಗಲ್ಲ ಎಂದಿದ್ದರು. ಗಾರ್ಡಿಯನ್‌ಶಿಪ್ ಆದೇಶ ಹಿಡಿದು ಎರಡನೇ ಸಲ ಹೋದಾಗ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಅದೇ ಮೇಲಿನ ಅರೆಯಲ್ಲಿ ನಿರಾಮಯ ವಿಮೆಯ ಮಾಹಿತಿಯೂ ಸಿಕ್ಕಿತು. ಈ ನಾಲ್ಕು ಬಗೆಯ ಮಕ್ಕಳಿಗೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ, ಮೊದಲೇ ತಪಾಸಣೆ ಮಾಡಿಸಬೇಕು ಅನ್ನುವ ಷರತ್ತು ಇಲ್ಲ.

ಎರಡನೇ ಅರೆಯಲ್ಲಿ ನನ್ನನ್ನೇ ಬದಲಿಸಿದ ಒಂದು ಕಾಗದ ಸಿಕ್ಕಿತು. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ, ಈಗ ಎನ್‌ಐಇಪಿಐಡಿ ಅನ್ನುತ್ತಾರೆ, ಅವರು ಮಾಡಿದ ಒಂದು ಪರಿಶೀಲನಾ ಪಟ್ಟಿ. ಸ್ಪೆಷಲ್ ಟೀಚರುಗಳು ಅದನ್ನು ಎಫ್‌ಎಸಿಪಿ ಎನ್ನುತ್ತಾರೆ. ಮಗು ಒಂದೊಂದು ಕೆಲಸವನ್ನು ತಾನೇ ಮಾಡುತ್ತದಾ, ಬಾಯಿಮಾತಿನಲ್ಲಿ ನೆನಪಿಸಬೇಕಾ, ಕೈ ಹಿಡಿದು ಮಾಡಿಸಬೇಕಾ ಅಂತ ಗುರುತು ಹಾಕುತ್ತಾ ಹೋಗಬೇಕು. ಇನ್ನೂ ಒಂದು ಗುರುತು ಇದೆ. ಆ ಕೆಲಸ ಮಾಡುವ ಅವಕಾಶವೇ ಸಿಕ್ಕಿಲ್ಲ ಅನ್ನುವುದು.

ಇಂಗ್ಲಿಷಿನಲ್ಲಿತ್ತು. ಪಕ್ಕದ ಮನೆಯ ಹುಡುಗಿಯನ್ನು ಕೂರಿಸಿಕೊಂಡು, ಒಂದೊಂದನ್ನೇ ಕನ್ನಡದಲ್ಲಿ ಕೇಳಿ ಗುರುತು ಹಾಕಿದೆ. ಅಂಗಡಿಯಲ್ಲಿ ದುಡ್ಡು ಕೊಟ್ಟು ಚಿಲ್ಲರೆ ತರುವುದು. ಒಳಗಿನಿಂದ ಬಾಗಿಲ ಚಿಲಕ ಹಾಕುವುದು. ಚಾಕು ಹಿಡಿದು ತರಕಾರಿ ಹೆಚ್ಚುವುದು. ಗ್ಯಾಸ್ ಆರಿಸುವುದು. ಆ ಪುಟ ಮುಗಿದಾಗ "ಬರುವುದಿಲ್ಲ" ಅನ್ನುವುದಕ್ಕಿಂತ "ಅವಕಾಶ ಸಿಕ್ಕಿಲ್ಲ" ಅನ್ನುವ ಗುರುತೇ ಜಾಸ್ತಿ ಇತ್ತು. ಅವನಿಗೆ ಬರುವುದಿಲ್ಲ ಅಂತ ಹದಿನಾರು ವರ್ಷ ಹೇಳಿಕೊಂಡು ಬಂದವಳು ನಾನು. ಚಾಕುವನ್ನು ಅವನ ಕೈಗೆ ಒಂದು ಸಲವೂ ಕೊಟ್ಟಿರಲಿಲ್ಲ. ಮರುದಿನ ಸಂಜೆ ಅವನ ಮುಂದೆ ಬೆಂಡೆಕಾಯಿ ಇಟ್ಟು ಪಕ್ಕದಲ್ಲಿ ಕೂತೆ. ಮೊದಲ ದಿನ ನಾಲ್ಕು ಬೆಂಡೆಕಾಯಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಆ ಪಲ್ಯ ಮನೆಯವರೆಲ್ಲ ತಿಂದೆವು.

ಮೂರನೇ ಅರೆಯ ಇಂಗ್ಲಿಷ್ ಪುಸ್ತಕಗಳ ಬಗ್ಗೆ ಹೆಚ್ಚು ಹೇಳಲು ಇಲ್ಲ. ಬಹಳಷ್ಟು ಅಮೆರಿಕದವು. ಅಲ್ಲಿನ ಕಾನೂನಿನಂತೆ ಮಗುವಿಗೆ 16 ತುಂಬುವುದರೊಳಗೆ ಶಾಲೆಯೇ ಅದರ ಮುಂದಿನ ಬದುಕಿನ ಯೋಜನೆ ಬರೆದಿಡಬೇಕು. ಆ ಸಭೆಗೆ ಮಗುವನ್ನೂ ಕರೆದು, ನಿನಗೆ ಏನು ಇಷ್ಟ ಅಂತ ಕೇಳಬೇಕು. ಇದು ನಮ್ಮಲ್ಲೂ ಬರಬೇಕಾದ ಪದ್ಧತಿ. ಉಳಿದಂತೆ ಬೇರೆ ಮನೆ ಮಾಡಿಕೊಂಡು ಒಬ್ಬರೇ ಇರುವುದು, ಕಾರು ಓಡಿಸಲು ಕಲಿಯುವುದು, ಇವೆಲ್ಲ ನಮ್ಮ ಓಣಿಗೆ ಹೊಂದುವುದಿಲ್ಲ. ನಮ್ಮಲ್ಲಿ ಅಜ್ಜಿ, ಕಾಕಾ, ಚಿಕ್ಕವ್ವ, ಹೊಲ, ಅಂಗಡಿ, ಜಾತ್ರೆ ಇವುಗಳ ನಡುವೆ ಮಗ ದೊಡ್ಡವನಾಗಬೇಕು. ಅದನ್ನು ಬರೆದವರು ಆ ಕಪಾಟಿನಲ್ಲಿ ಯಾರೂ ಇಲ್ಲ.

ಕೆಳಗಿನ ಅರೆಯ ಪೆಟ್ಟಿಗೆಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಮೇಲಿನ ಮೂರೂ ಅರೆಗಳು ನನ್ನ ಜೊತೆ ಮಾತಾಡಿದವು. ಇದೊಂದೇ ನನ್ನ ಮಗನ ಜೊತೆ ಮಾತಾಡಿದ್ದು. ಹಲ್ಲುಜ್ಜುವುದರಿಂದ ಹಿಡಿದು ಬಸ್ ಹತ್ತುವವರೆಗೆ ಒಂದೊಂದು ಕೆಲಸವನ್ನೂ ಐದಾರು ಚಿತ್ರಗಳಲ್ಲಿ ಬಿಡಿಸಿಟ್ಟಿದ್ದಾರೆ. ಬಸ್ಸಿನ ಕಾರ್ಡು ನಮಗೆ ಸರಿ ಬರಲಿಲ್ಲ. ಅದರಲ್ಲಿದ್ದದ್ದು ಮೆಟ್ಟಿಲು ಹತ್ತಿ, ಒಳಗೆ ಕಂಡಕ್ಟರ್ ಹತ್ತಿರ ಟಿಕೆಟ್ ತೆಗೆಯುವ ಬಸ್ಸು. ನಮ್ಮ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿಗೆ ಟಿಕೆಟ್ ಸ್ಟೇಷನ್ನಿನಲ್ಲೇ ತೆಗೆಯಬೇಕು. ಬಸ್ಸಿನ ನೆಲ, ಸ್ಟೇಷನ್ನಿನ ಕಟ್ಟೆ ಎರಡೂ ಒಂದೇ ಮಟ್ಟ. ರಸ್ತೆ ನಡುವೆ ಸ್ಟೇಷನ್ ಇರುವುದರಿಂದ ಮೊದಲು ಅರ್ಧ ರಸ್ತೆ ದಾಟಬೇಕು. ಹಾಗಾಗಿ ಮೊಬೈಲಿನಲ್ಲಿ ನಾವೇ ಆರು ಫೋಟೋ ತೆಗೆದೆವು. ಟೋಲ್ ನಾಕಾದ ಸಿಗ್ನಲ್. ಟಿಕೆಟ್ ಕಿಟಕಿ. ತೆರೆದ ಬಾಗಿಲು. ಸೀಟು. ನವನಗರದ ಬೋರ್ಡು. ಇಳಿದ ಮೇಲೆ ಬಲಕ್ಕೆ ತಿರುಗಬೇಕಾದ ಜಾಗ. ಗ್ರಂಥಪಾಲಕಿ ಅವನ್ನು ಪ್ರಿಂಟ್ ತೆಗೆದು, ಲ್ಯಾಮಿನೇಟ್ ಮಾಡಿ, ಒಂದು ಉಂಗುರಕ್ಕೆ ಪೋಣಿಸಿ ಕೊಟ್ಟರು. ಅವನ ಜೊತೆ ಎರಡು ತಿಂಗಳು ಓಡಾಡಿದೆ. ಆಮೇಲೆ ಒಂದು ತಿಂಗಳು ಅದೇ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತೆ. ಒಂದು ದಿನ ಟೋಲ್ ನಾಕಾದಲ್ಲೇ ನಿಂತುಬಿಟ್ಟೆ. ಬಸ್ಸು ಹೋಯಿತು. ನವನಗರದಲ್ಲಿ ನನ್ನ ತಮ್ಮ ಕಾಯುತ್ತಿದ್ದ. "ಬಂದ" ಎಂದು ಅವನ ಫೋನ್ ಬರುವವರೆಗೆ ಸ್ಟೇಷನ್ ಬಿಟ್ಟು ಕದಲಲಿಲ್ಲ.

ಮಗ ಹೋಗುವುದು ನನ್ನ ತಮ್ಮನ ಖಾನಾವಳಿಗೆ. ಬೆಳಿಗ್ಗೆ ಮೂರು ತಾಸು ಕೆಲಸ. ರೊಟ್ಟಿ ಎಣಿಸಿ ಕಟ್ಟುವುದು. ಎಣಿಸುವಾಗ ಏಳರ ಆಚೆಗೆ ತಪ್ಪುತ್ತಿದ್ದ. ಪೆಟ್ಟಿಗೆಯಲ್ಲಿ ಹತ್ತು ದುಂಡು ಬರೆದ ಒಂದು ಎಣಿಕೆ ಹಾಳೆ ಇತ್ತು, ಚಿಕ್ಕದು. ಅದನ್ನೇ ನೋಡಿ ದೊಡ್ಡ ರಟ್ಟಿನ ಮೇಲೆ ಸಾಲಾಗಿ ಹತ್ತು ದುಂಡು ಬರೆದೆವು. ಒಂದು ರೊಟ್ಟಿ ಕಟ್ಟಿಗೆ ಇಟ್ಟಾಗ ಒಂದು ದುಂಡಿನ ಮೇಲೆ ಒಂದು ಬಾಟಲಿ ಮುಚ್ಚಳ. ಹತ್ತೂ ತುಂಬಿದರೆ ಕಟ್ಟು ಕಟ್ಟಬೇಕು. ಈಗ ಅವನು ಮುಚ್ಚಳ ಇಲ್ಲದೆಯೇ ಎಣಿಸುತ್ತಾನೆ. ಆದರೂ ರಟ್ಟು ಮುಂದೆ ಇರಬೇಕು.

ಮೂಲೆಯ ಕಂಪ್ಯೂಟರ್ ನಮಗೆ ಬೇಕಾಗಲಿಲ್ಲ. ಅದನ್ನು ನೆಚ್ಚಿಕೊಂಡವಳು ನಮ್ಮ ಓಣಿಯ ಇನ್ನೊಂದು ಹುಡುಗಿ. ಕಣ್ಣು ಕಾಣುವುದಿಲ್ಲ, ಬಿ.ಎ. ಓದುತ್ತಾಳೆ. ಕಣ್ಣಿಲ್ಲದವರು ಅಂದರೆ ಸಂಗೀತ ಅಂತ ನಮ್ಮ ಭಾಗದವರಿಗೆ ತಕ್ಷಣ ಹೊಳೆಯುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಎಷ್ಟು ಮಕ್ಕಳಿಗೆ ಬದುಕು ಕೊಟ್ಟರು. ಅವರನ್ನು ನೆನೆಯದ ದಿನವಿಲ್ಲ. ಈ ಹುಡುಗಿಗೆ ಮಾತ್ರ ಹಾಡುವ ಆಸೆ ಇಲ್ಲ, ಇತಿಹಾಸ ಕಲಿಸುವ ಟೀಚರ್ ಆಗಬೇಕು. ಆ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನುವ, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಉಚಿತ ಸ್ಕ್ರೀನ್ ರೀಡರ್ ಹಾಕಿದ್ದಾರೆ. ಅದರ ನೆರವಿನಿಂದ ಸುಗಮ್ಯ ಪುಸ್ತಕಾಲಯದ ಪುಸ್ತಕಗಳನ್ನು ಇಳಿಸಿಕೊಳ್ಳುತ್ತಾಳೆ. ಅಚ್ಚಾದ ಪುಸ್ತಕ ಓದಲಾಗದವರಿಗೆ 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ ಅದು. ಅಂಗವಿಕಲತೆಯ ದಾಖಲೆ ಕೊಟ್ಟು ಸದಸ್ಯರಾಗಬೇಕು. ತನಗೆ ಬೇಕಾದ ಕನ್ನಡ ಪಠ್ಯ ಹುಡುಕಿದರೆ ಸಿಗುವುದು ಕಡಿಮೆ, ಕನ್ನಡ ಓದುವ ಧ್ವನಿ ಯಂತ್ರದ ಹಾಗೆ ಕೇಳಿಸುತ್ತದೆ ಅನ್ನುವುದು ಅವಳ ದೂರು. ಅಭ್ಯಾಸ ಆದರೆ ವೇಗವಾಗಿ ಕೇಳಬಹುದಂತೆ.

ಇನ್ನೊಂದು ಮಾತು. ಈ ಕಪಾಟಿಗಿಂತ ಆ ಗ್ರಂಥಾಲಯದ ಕೌಂಟರ್ ನನ್ನ ಮಗನಿಗೆ ಹೆಚ್ಚು ಕಲಿಸಿದೆ. ಎರಡನೇ ವರ್ಷ ಗ್ರಂಥಪಾಲಕಿ, "ನಿಮ್ಮ ಕಾರ್ಡಿನಲ್ಲಿ ಯಾಕೆ ತಗೊಳ್ತೀರಿ, ಅವನಿಗೇ ಒಂದು ಮಾಡಿಸಿ" ಎಂದರು. ಅವನ ಫೋಟೋ, ಅವನ ಹೆಸರು. ಅವನೇ ಸಹಿ ಮಾಡಿದ. ಸಹಿ ಅಂದರೆ ಹೆಸರಿನ ಮೊದಲ ಎರಡು ಅಕ್ಷರ. ಅದಕ್ಕೇ ಒಂದು ವಾರ ಅಭ್ಯಾಸ ಮಾಡಿದ್ದ. ಕಾರ್ಡು ಕಳೆಯದ ಹಾಗೆ ಇಟ್ಟುಕೊಳ್ಳಬೇಕು, ಸಾಲಿನಲ್ಲಿ ನಿಲ್ಲಬೇಕು, ತಾರೀಖು ನೋಡಿ ಪುಸ್ತಕ ಹಿಂದಕ್ಕೆ ಕೊಡಬೇಕು, ತಡವಾದರೆ ದಂಡ ಕಟ್ಟಬೇಕು. ಒಂದು ಸಲ ದಂಡ ಬಿತ್ತು. ನಾನು ಪರ್ಸ್ ತೆಗೆದೆ. ಅವರು ನನ್ನನ್ನು ತಡೆದು ಅವನ ಕಡೆ ಕೈ ಚಾಚಿದರು. ಖಾನಾವಳಿಯ ಸಂಬಳದಿಂದ ಅವನೇ ಕೊಟ್ಟ. ಈಗ ಕ್ಯಾಲೆಂಡರಿನಲ್ಲಿ ವಾಪಸ್ ಕೊಡುವ ದಿನಕ್ಕೆ ತಾನೇ ಕೆಂಪು ಗುರುತು ಹಾಕುತ್ತಾನೆ.

ಹೋಗುವವರಿಗೆ ಒಂದೆರಡು ವಿಷಯ ಹೇಳಿಬಿಡುತ್ತೇನೆ. ಶನಿವಾರ, ಭಾನುವಾರ ಬೇಡ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಬೆಳಿಗ್ಗೆಯೇ ಬಂದು ಕೂತಿರುತ್ತಾರೆ, ಕುರ್ಚಿ ಸಿಗುವುದಿಲ್ಲ. ಕಾರ್ಡಿನ ಪೆಟ್ಟಿಗೆಗಳನ್ನು ಮನೆಗೆ ಕೊಡುವುದಿಲ್ಲ, ಫೋಟೋ ತೆಗೆದುಕೊಳ್ಳಬಹುದು. ಕಪಾಟು ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಗಾಲಿಕುರ್ಚಿಯ ಮಕ್ಕಳಿಗೂ ಇರುವ ಪುಸ್ತಕಗಳನ್ನು ಮೆಟ್ಟಿಲ ಮೇಲೆ ಇಟ್ಟಿದ್ದಾರಲ್ಲ ಅಂತ ಎರಡು ಸಲ ಬರೆದು ಕೊಟ್ಟಿದ್ದೇನೆ, ಮತ್ತೆ ಕೊಡುತ್ತೇನೆ. ಸದ್ಯಕ್ಕೆ ಕೆಳಗೆ ನಿಂತು ಬೇಕಾದ ಪುಸ್ತಕದ ಹೆಸರು ಹೇಳಿದರೆ ತಂದುಕೊಡುತ್ತಾರೆ.

ಚಿಗರಿಯ ಆರು ಕಾರ್ಡುಗಳ ಇನ್ನೊಂದು ಪ್ರತಿ ಕೆಳಗಿನ ಅರೆಯ ಎಡಗಡೆಯ ಪೆಟ್ಟಿಗೆಯಲ್ಲಿದೆ. ಅದರಲ್ಲಿ ಟಿಕೆಟ್ ಕಿಟಕಿಯ ಮುಂದೆ ನೀಲಿ ಅಂಗಿ ಹಾಕಿ ನಿಂತಿರುವವನು ನನ್ನ ಮಗ.